ಸದ್ದಿಲ್ಲದ ಕುರ್ಚಿ

ತಾಲ್ಕಾವಾನೊ ಬಂದರಿನ ಶಾಲೆಯಲ್ಲಿ
ಲೋಟ ಗಾಜಿನದೇ. ಬಿದ್ದರೆ ಒಡೆಯುತ್ತದೆ.
ಮಂಗಳವಾರ ಒಡೆಯಿತು.
ಯಾರೂ ಗದರಲಿಲ್ಲ; ಮಿರೆಯಾ ಟೀಚರ್
ಪುಟ್ಟ ಪೊರಕೆ ಇರುವ ಮೂಲೆಯತ್ತ ನೋಡಿದರು, ಅಷ್ಟೆ.

ಅಮಾಂಕಾಯ್‌ಗೆ ನಾಲ್ಕು ತುಂಬಿ ಎರಡು ತಿಂಗಳು.
ಮರಳುಕಾಗದದ ಅಕ್ಷರದ ಮೇಲೆ ಬೆರಳಾಡಿಸಿ
‘ಸ್’ ಅಂದರೆ ಬೆಕ್ಕಿನ ನಾಲಿಗೆ ಅನ್ನುತ್ತಾಳೆ.
ಗುಲಾಬಿ ಗೋಪುರದ ತುದಿಯ ತುಣುಕು
ಜೇಬಲ್ಲಿ ಮನೆಗೆ ಹೋಗಿ
ಮರುದಿನ ತಾನೇ ಮರಳಿತು.

ಕುರ್ಚಿ ಎತ್ತಿಡುವುದಕ್ಕೇ
ಒಂದು ವಾರ ಹಿಡಿಯಿತು:
ಒಂದು ಕೈ ಬೆನ್ನಿಗೆ, ಇನ್ನೊಂದು ಅಡಿಗೆ,
ಮೊದಲು ಒಂದು ಕಾಲು ನೆಲಕ್ಕೆ,
ಆಮೇಲೆ ಉಳಿದ ಮೂರು.

ಶನಿವಾರ ಬೆಳಿಗ್ಗೆ
ಸಾರ್ಡೀನ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ಅಮ್ಮ
ಮೀನುವಾಸನೆಯ ಕೈ ಕೆನ್ನೆಗಿಟ್ಟು ಮಲಗಿದ್ದಾಳೆ.
ರೊಟ್ಟಿಯ ಡಬ್ಬಿ ಎತ್ತರದಲ್ಲಿದೆ.

ಒಂದು ಕಾಲು.
ಆಮೇಲೆ ಮೂರು.