ಒಂಬತ್ತೂವರೆ

ಚುನಾವಣೆ ಘೋಷಣೆಯಾದ ಮೂರನೇ ದಿನ
ಶಿರ್ವ ಠಾಣೆಯ ಜಗಲಿಯಲ್ಲಿ ಕೋವಿಗಳ ಸಾಲು.
ಗೋಣಿಯಲ್ಲಿ ಸುತ್ತಿದ್ದು, ಹಳೆ ಲುಂಗಿಯಲ್ಲಿ ಸುತ್ತಿದ್ದು,
ಕೊಡೆಯ ಹಾಗೆ ಕಂಕುಳಲ್ಲಿ ಬಂದದ್ದು.
ಎಲ್ಲ ಹನ್ನೆರಡು ಬೋರು. ಬರೆದು ಬರೆದು
ನನ್ನ ಪೆನ್ನಿಗೇ ಬಾಯಿಪಾಠ.

ಕೊನೆಗೆ ರಿಕ್ಷಾದಿಂದ ಅಪೊಲಿನ್ ಬಾಯಿ ಇಳಿದರು,
ಹಸುಗೂಸನ್ನು ಕೊಡುವ ಹಾಗೆ ಅಡ್ಡ ಹಿಡಿದು ಕೊಟ್ಟರು.
ಬೋಲ್ಟಿನ ಹಿಡಿ ಪುಟ್ಟ ಸಟ್ಟುಗದಂತೆ ಚಪ್ಪಟೆ,
ಮೈಮೇಲೆ ಸ್ಟೈರ್ ಎಂಬ ಯಾವುದೋ ಊರು,
ಅಳತೆ ಒಂಬತ್ತೂವರೆ ಮಿಲಿಮೀಟರ್.
ರಿಜಿಸ್ಟರಿನ ಅಂಕಣ ಇಕ್ಕಟ್ಟು:
ಒಂಬತ್ತು ಒಳಗೆ ಉಳಿಯಿತು,
ಅರೆ ಮಾತ್ರ ಗೆರೆ ದಾಟಿ
ಪಕ್ಕದವರ ಜಾಗಕ್ಕೆ ಹೋಯಿತು.

ಗುಂಡು ಎಷ್ಟು?
ಪೌಡರಿನ ಡಬ್ಬಿ ತೆರೆದರು. ಹತ್ತಿಯ ಮೇಲೆ ಒಂದು.
ಕಂದಿದ ಹಿತ್ತಾಳೆ, ಮೊಂಡು ತುದಿ,
ಮುದಿ ಪಾದ್ರಿಯ ಹೆಬ್ಬೆರಳಿನ ಹಾಗೆ.
ಹೋದ ಚುನಾವಣೆಗೂ ಒಂದೇ,
ಅದರ ಹಿಂದಿನದಕ್ಕೂ ಒಂದೇ.
ಸರಕಾರಗಳು ಬಿದ್ದವು, ಇದು ಹಾರಲಿಲ್ಲ.

ಈ ಸಲ ಉಡುಪಿಯಿಂದ ಕಾಗದ ಬಂದಿತ್ತು:
ಸದರಿ ಆಯುಧಕ್ಕೆ ಮದ್ದುಗುಂಡು ಅಲಭ್ಯ,
ಹಾಗಿರುವಲ್ಲಿ ಅದರ ಉಪಯೋಗವೇನೆಂದು
ಸ್ಥಳ ತನಿಖೆ ನಡೆಸಿ ವರದಿ ಸಲ್ಲಿಸುವುದು.

ಹೋದೆ. ಬಂಟಕಲ್ಲು ದಾಟಿ ಒಳದಾರಿ.
ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತ,
ಪೇಟೆಗೆ ಹೋಗುವ ಹೊತ್ತಾಯಿತೆಂದು ಕೈ ನಿಲ್ಲಿಸದೆ
ಹೇಳಿದರು:

"ನಮ್ಮವರ ಅಜ್ಜ ಮಂಗಳೂರಲ್ಲಿ
ಹೆಂಚಿನ ಕಾರ್ಖಾನೆಯ ರೈಟರು.
ಯುದ್ಧ ಶುರುವಾಗಿ ಜರ್ಮನ್ ದೊರೆಯನ್ನು
ಹಿಡಿದುಕೊಂಡು ಹೋಗುವಾಗ
ಇಟ್ಟುಕೋ, ಬರ್ತೇನೆ ಅಂದನಂತೆ.
ಬರಲಿಲ್ಲ. ಇಟ್ಟುಕೊಂಡೆವು.

ಗುಂಡು ಕೇಳಲಿಕ್ಕೆ ಒಮ್ಮೆ ಹೋಗಿದ್ದೆ.
ಅಂಗಡಿಯವ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ,
'ಬಾಯಮ್ಮ, ಇದರ ಗುಂಡು ಮಾಡುವವರು ಸತ್ತು
ಅವರ ಮಕ್ಕಳೂ ಸತ್ತಿರಬೇಕು' ಅಂದ.
ಸಿಗುವ ಅಳತೆಗೆ ನಳಿಗೆ ಬದಲಿಸಿಕೊಳ್ಳಿ ಅಂದ.
ಒಂದು ತುತ್ತಿಗಾಗಿ ಗಂಟಲು ಕೊಯ್ಸಿಕೊಳ್ಳುವುದುಂಟಾ?
ಬಂದರಿನಲ್ಲಿ ಬಂಗುಡೆ ತೆಗೊಂಡು ಬಸ್ಸು ಹತ್ತಿದೆ."

ಮತ್ತೆ ಉಪಯೋಗ?

"ಉಂಟಲ್ಲ ಮಾರಾಯ್ರೇ. ಮಂಗಗಳಿಗೆ ಅಳತೆ ಗೊತ್ತಿಲ್ಲ.
ಕೋಲು ಎತ್ತಿದರೆ ಹಲ್ಲು ಕಿರೀತವೆ,
ಇದನ್ನು ಎತ್ತಿದರೆ ಬೊಂಡ ಬಿಟ್ಟು ಓಡ್ತವೆ.
ನೀವು ಇಟ್ಟುಕೊಂಡ ಈ ಎರಡು ತಿಂಗಳು
ತೋಟದಲ್ಲಿ ಅವುಗಳದ್ದೇ ಸರಕಾರ.
ಮೈದುನನಿಗೂ ಗೊತ್ತಿಲ್ಲ. ಬೇಲಿ ಸರಿಸಲು ಬಂದ ದಿನ
ನಾನು ಜಗಲಿಯಲ್ಲಿ ಕೂತು ಎಣ್ಣೆ ಹಾಕ್ತಾ ಇದ್ದೆ, ಅಷ್ಟೆ.
ಚಾ ಕುಡಿದು ಹೋದ.
ಮತ್ತೆ, ಒರೆಸುವ ಸರಳು ಉಂಟಲ್ಲ,
ಬಚ್ಚಲ ಕೊಳವೆ ಬಿಡಿಸಲಿಕ್ಕೆ ಒಳ್ಳೆಯದು.
ಅದು ಬರೀಬೇಡಿ."

ಆ ಒಂದು ಗುಂಡು ಹಾರುತ್ತದಾ?
ಆಗ ಮಾತ್ರ ಕೈ ನಿಂತಿತು. ನಾರು ಹಲ್ಲಿನ ನಡುವೆ.
"ಹಾರಿಸಿದರೆ ಗೊತ್ತಾಗ್ತದೆ.
ಗೊತ್ತಾದ ಮೇಲೆ ಇರುವುದಿಲ್ಲ."

ರಾತ್ರಿ ಠಾಣೆಯಲ್ಲಿ ಪಾಳಿ ನನ್ನದು.
ಬೋಲ್ಟು ತೆಗೆದು ನಳಿಗೆಗೆ ಕಣ್ಣಿಟ್ಟೆ.
ನೂರು ಮಳೆಗಾಲ ಕಳೆದ ಕಬ್ಬಿಣ,
ಚುಕ್ಕೆ ತುಕ್ಕಿಲ್ಲ.
ಸುರುಳಿ ಗೀರುಗಳು ಮೆಲ್ಲಗೆ ತಿರುಗುತ್ತ
ಆಚೆ ತುದಿಯ ಬೆಳಕಿಗೆ ಹೋಗುತ್ತಿದ್ದವು;
ಬೆಳಕಿನಲ್ಲಿ, ಹಗ್ಗದ ಮೇಲೆ ಒಣಗುವ
ನನ್ನದೇ ಖಾಕಿ ಅಂಗಿಯ ಒಂದು ಗುಂಡಿ.
ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ
ನಾನು ಗುಂಡು ಹಾರಿಸಿದ್ದು
ಹಲಗೆಯ ಮೇಲಿನ ಕಾಗದದ ಮನುಷ್ಯನಿಗೆ, ಹನ್ನೊಂದು ಸಲ.
ಆರು ತಗಲಿಲ್ಲ.

ವರದಿ ಮೂರೇ ಸಾಲು ಬರೆದೆ:
ಆಯುಧ ಸುಸ್ಥಿತಿಯಲ್ಲಿದೆ.
ಮಂಗಗಳ ಹಾವಳಿ ನಿಜ.
ಉಪಯೋಗ, ಹಿಂದಿನಂತೆ.

ಮತ ಎಣಿಕೆ ಮುಗಿದು ವಾರದ ಮೇಲೆ
ರಶೀದಿ ಹಿಡಿದು ಬಂದರು ಅಪೊಲಿನ್ ಬಾಯಿ.
ಕೋವಿಯನ್ನು ಹೆಗಲಿಗೆ ಒರಗಿಸಿ
ಡಬ್ಬಿಯ ಮುಚ್ಚಳ ತೆಗೆದು
ಇದ್ದ ಒಂದನ್ನು
ಎರಡು ಸಲ ಎಣಿಸಿದರು.