ಅಳತೆ

"ಕೈ ಕೊಡಿ" ಎಂದ ವೆಂಡೆಲ್.
ಬಳೆ ತೊಡಿಸುವವಳ ಹಾಗೆ ಗೆಣ್ಣು ಒತ್ತಿ ನೋಡಿ
ಗಾಜಿನ ಮೇಲೆ ಮೂರು ಪಿಸ್ತೂಲು ಇಟ್ಟ.
ಒಂದರ ಹಿಡಿ ಗುಲಾಬಿ, ಅದನ್ನು ಮೊದಲು ತೆಗೆಸಿದೆ.
ಇನ್ನೊಂದರ ಸ್ಲೈಡು ಹಿಂದಕ್ಕೆಳೆಯಲು ನನ್ನ ಬೆರಳು ಸಾಲಲಿಲ್ಲ.
ಉಳಿದದ್ದು ಇದು.
ಬಿಲ್ಲು ಬರೆಯುತ್ತ ಕೇಳಿದ,
"ಎಲ್ಲಿ ಇಟ್ಟುಕೊಳ್ಳುತ್ತೀರಿ?"

ಅಮರಿಲ್ಲೊದ ಸೆಕೆಗೆ ಕೋಟು ಆಗದು,
ಚೂಡಿದಾರಕ್ಕೆ ಜೇಬಿಲ್ಲ.
ಅಜ್ಜಿ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆಯಡಿಕೆ ಸಂಚಿ ನೆನಪಾಗಿ
ಕ್ಯಾನ್ವಾಸು ತಂದು ಹೊಲಿದೆ,
ಟ್ರಿಗರ್ ಮುಚ್ಚುವಂತೆ ಒಳಗೆ ದಪ್ಪ ಚರ್ಮ.
ಹಿಡಿಯ ತರಿಗೆ ಮರಳುಕಾಗದ ತಿಕ್ಕಿದೆ
ದಿನಾ ಒಂದಿಷ್ಟು, ಅಂಗೈ ಒಪ್ಪುವವರೆಗೆ.
ಕನ್ನಡಿಯ ಮುಂದೆ ಬಾಗಿದೆ, ಕೂತೆ,
ಅಟ್ಟದ ಡಬ್ಬಿಗೆಂದು ಕೈ ಚಾಚಿದೆ.
ಏನೂ ಕಾಣದು.
ಹಾಗಂದುಕೊಂಡೆ.

ರಾತ್ರಿ ಪಾಳಿ. ಪೆಟ್ರೋಲು ಬಂಕಿನ ಗಲ್ಲಾ.
ಮಾರ್ಚಿನಲ್ಲಿ ಒಡೆದ ಕಿಟಕಿಗೆ ಈಗ ಹೊಸ ಗಾಜು,
ಮೂಲೆಯ ಸ್ಟಿಕ್ಕರ್ ಇನ್ನೂ ಕಿತ್ತಿಲ್ಲ.
ಮಿಸೆಸ್ ಓರ್ಟೆಗಾ ಹಾಲಿನ ಕ್ಯಾನು ಇಟ್ಟು
ಚಿಲ್ಲರೆ ಎಣಿಸುತ್ತ, ಎಣಿಕೆ ತಪ್ಪಿ,
ತಲೆಯೆತ್ತಿ ನೋಡಿದಳು:
"ಸೊಂಟ ಉಳುಕಿದೆಯೇನೇ?
ಒಂದು ವಾರದಿಂದ
ಒಂದೇ ಕಡೆ ವಾಲಿ ನಿಲ್ಲುತ್ತೀ."