ಹಲ್ಲಲ್ಲಿ ಕಚ್ಚುವಷ್ಟು

ಮಧ್ಯಾಹ್ನ ಹನ್ನೆರಡಕ್ಕೆ ಎಸ್.ಪಿ. ರೋಡಿಗೆ
ಬ್ಯಾಟರಿ ಕೊಳ್ಳಲು ಹೋಗುವುದು ಎಂಥ ಪೆದ್ದುತನ.
ಮುಖ್ತಾರ್ ಸಾಬರು ಎರಡನ್ನೂ ಗಾಜಿನ ಮೇಲಿಟ್ಟು
ದೊಡ್ಡದರ ಗುಂಡಿ ಒತ್ತಿದರು, ಸಣ್ಣದರ ಗುಂಡಿ ಒತ್ತಿದರು.
ಬಿಸಿಲಲ್ಲಿ ಎರಡೂ ಒಂದೇ: ಹಲ್ಲಿಲ್ಲದ ನಗು.

"ಕತ್ತಲು ಬೇಕಲ್ಲ ಸಾಬರೇ" ಅಂದೆ.
"ಕೊಡೋಣ" ಅಂದರು, ಅದೂ ಸ್ಟಾಕಿನಲ್ಲಿದೆ ಎಂಬಂತೆ,
ಹಿಂದಿನ ಗೋಡೌನಿಗೆ ಕರೆದೊಯ್ದು ಶಟರು ಎಳೆದರು.

ದೊಡ್ಡದು ಮೊಳದುದ್ದ, ನೀರು ತುಂಬಿದ ತಂಬಿಗೆಯ ಭಾರ.
ಒತ್ತಿದೊಡನೆ ಗೋಡೆಗೆ ಗೋಡೆಯೇ ಎದ್ದು ನಿಂತಿತು:
ವೈರಿನ ಸುರುಳಿ, ರೆಕ್ಕೆ ಮುರಿದ ಫ್ಯಾನು, ಕ್ಯಾಲೆಂಡರು,
ಒಂದು ಇಲಿ, ಅದಕ್ಕಂತೂ ಓಡುವುದೇ ಮರೆತುಹೋಯಿತು.
"ಅರ್ಧ ಕಿಲೋಮೀಟರ್ ಹೋಗುತ್ತೆ" ಅಂದರು.
ನನಗೆ ಬೇಕಾದದ್ದು ನಾಲ್ಕಡಿ. ಕೆಳಕ್ಕೆ.

ನಾನು ನೀರು ಬಿಡುವವನು.
ಗವಿಪುರದಿಂದ ಹನುಮಂತನಗರದ ಹನ್ನೊಂದನೇ ಕ್ರಾಸಿನವರೆಗೆ
ರಾತ್ರಿ ಎರಡೂವರೆಗೆ ಯಾರ ಸಂಪು ತುಂಬಬೇಕೆನ್ನುವುದು
ನನ್ನ ಕಬ್ಬಿಣದ ಕೀಲಿಯ ತಿರುವಿನಲ್ಲಿದೆ,
ಹದಿನಾಲ್ಕು ಸುತ್ತು, ಎಡಕ್ಕೆ.
(ಫೋನಿನಲ್ಲೇ ಲೈಟಿದೆಯಲ್ಲ ಎನ್ನುವವರಿಗೆ:
ನನ್ನ ಹಿಂದಿನ ಫೋನು ಈಗಲೂ ನಾಲ್ಕನೇ ಮೇನಿನ ಗುಂಡಿಯಲ್ಲಿದೆ.)

ಹಳೆಯದು ಮೂರು ಸೆಲ್ಲಿನದು, ತಗಡಿನದು.
ರಿಟೈರಾದ ದಿನ ಮುನಿಚಿನ್ನಪ್ಪ ಕೀಲಿಯ ಜೊತೆ ಕೊಟ್ಟು
"ಬೆಳಕಿಗಲ್ಲ ಕಣೋ, ನಾಯಿಗೆ" ಎಂದಿದ್ದರು.
ನಿಜ, ಕೆಂಪೇಗೌಡನಗರದ ನಾಯಿಗಳಿಗೆ ಅದರ ಪರಿಚಯವಿತ್ತು.
ಆದರೆ ಅದು ಹೊತ್ತಿತೆಂದರೆ ಬೀದಿಗೆ ಬೀದಿಯೇ ಏಳುತ್ತಿತ್ತು.
ಮೂರನೇ ಮಹಡಿಯಿಂದ "ಬಂತೇನ್ರೀ?"
ಎದುರುಮನೆ ಪದ್ಮಾವತಮ್ಮ, "ನಮ್ಕಡೆಗೆ ಯಾವಾಗ?"
ಆಫ್ ಮಾಡಿದ ಸ್ಕೂಟರಿನ ಮೇಲೆ ಹುಡುಗ, ಹುಡುಗಿ;
ತಪ್ಪಾಯಿತು ಎನ್ನುವಷ್ಟರಲ್ಲಿ ಹೊರಟುಹೋಗಿದ್ದರು.
ಇಷ್ಟೆಲ್ಲ ಕಂಡರೂ ಕಾಣದೆ ಹೋಗುತ್ತಿದ್ದದ್ದು
ಗುಂಡಿಯೊಳಗಿನ ವಾಲ್ವಿನ ಚೌಕದ ತಲೆ.
ಕೀಲಿಗೆ ಎರಡು ಕೈ ಬೇಕು, ಬ್ಯಾಟರಿಗೆ ಮೂರನೆಯದು;
ಹನ್ನೊಂದು ವರ್ಷ ಆ ಮೂರನೆಯ ಕೈ ನನ್ನ ಕಂಕುಳಾಗಿತ್ತು.

ಸಣ್ಣದನ್ನು ಸಾಬರು ಅಂಗೈಯಲ್ಲಿ ಮುಚ್ಚಿ ಹೊತ್ತಿಸಿದರು.
ಬೆರಳ ಸಂದುಗಳು ದಾಳಿಂಬೆಯಾದವು.
"ಬಾಯಲ್ಲಿಡಬಹುದಾ?"
ನಲವತ್ತು ವರ್ಷದ ವ್ಯಾಪಾರದಲ್ಲಿ ಯಾರೂ ಕೇಳಿರಲಿಲ್ಲವೇನೋ,
ಅಂಗಿಯ ಚುಂಗಿನಲ್ಲಿ ಒರೆಸಿ ಕೊಟ್ಟರು.
ಕಚ್ಚಿದೆ. ನೀರು ಬರುವ ಮುಂಚಿನ ನಲ್ಲಿಯ ರುಚಿ.
ತಲೆ ತಿರುಗಿದತ್ತ ಬೆಳಕೂ ತಿರುಗಿತು;
ನೋಡುವುದೂ ಬೆಳಗುವುದೂ ಒಂದೇ ಕೆಲಸವಾಯಿತು.
ಕಷ್ಟ ಒಂದೇ, ಮಾತಾಡುವ ಹಾಗಿಲ್ಲ.

"ದೊಡ್ಡದು ತಗೊಳ್ಳಿ, ಮನೆಗೂ ಆಗುತ್ತೆ" ಅಂದರು ಸಾಬರು.
ಕೆಳಗಿಡಲು ಮನಸ್ಸು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.
ಭಾರ ಕೈಯಲ್ಲಿದ್ದರೆ ಮನುಷ್ಯ ಅಧಿಕಾರಿಯಂತೆ ಕಾಣುತ್ತಾನೆ.
ನೂರ ಅರವತ್ತು ಕೊಟ್ಟು ಸಣ್ಣದನ್ನು ಜೇಬಿಗಿಳಿಸಿದೆ.
ಚಿಲ್ಲರೆಯ ನಡುವೆ ಅದು ಕಳೆದೇಹೋಯಿತು.

ಮೊದಲ ರಾತ್ರಿ, ಹನ್ನೊಂದನೇ ಕ್ರಾಸು.
ಸೆಲ್ಲಿಲ್ಲದ ಹಳೆಯದು ನಾಯಿಗಳಿಗಾಗಿ ಕಂಕುಳಲ್ಲೇ ಇತ್ತು.
ಸಣ್ಣ ಬೆಳಕು ದೂರ ಹೋಗದು, ನಾನೇ ಹೋಗಬೇಕು;
ಮಂಡಿಯೂರಿ ತಲೆಯನ್ನು ಗುಂಡಿಯೊಳಕ್ಕೆ ಇಳಿಸಿದೆ.
ಒಳಗೋಡೆಯ ಸಿಮೆಂಟಿನಲ್ಲಿ, ಪಾಚಿಯ ಅಂಚಿನಲ್ಲಿ,
ಮೊಳೆಯಿಂದ ಗೀಚಿದ ಅಕ್ಷರ: ಮು. ಚಿ.
ಪಕ್ಕದಲ್ಲಿ ಗೀಟುಗಳು, ಐದೈದರ ಕಟ್ಟು, ಮೂರು ಕಟ್ಟು.
ಎಣಿಸಿದೆ. ಮತ್ತೆ ಎಣಿಸಿದೆ.
ಹದಿನೈದು.

ಅವರು ಹದಿನಾಲ್ಕು ಅಂದಿದ್ದರೋ
ನಾನು ಹಾಗೆ ಕೇಳಿಸಿಕೊಂಡೆನೋ,
ಹನ್ನೊಂದು ವರ್ಷದಿಂದ ಈ ಬೀದಿಗೆ ದಿನವೂ ಒಂದು ಸುತ್ತು ಬಾಕಿ.

ತಿರುಗಿಸಿದೆ. ಕೊನೆಯದು ಬಿಗಿಯಿತ್ತು, ಕಿರುಗುಟ್ಟಿತು,
ಆಮೇಲೆ ಕೊಳವೆಯೊಳಗೆ ಯಾರೋ ಕಂಬಳಿ ಎಳೆದುಕೊಂಡ ಸದ್ದು.
ಕಿಟಕಿ ತೆರೆಯಿತು. "ಯಾರ್ರೀ ಅದು? ಬಂತಾ?"
ಬಾಯಲ್ಲಿ ಬೆಳಕು.
ಮೇಲಕ್ಕೂ ಕೆಳಕ್ಕೂ ತಲೆಯಾಡಿಸಿದೆ.
ಪದ್ಮಾವತಮ್ಮನ ಗೋಡೆಯ ಮೇಲೆ ಕಾಸಗಲದ ಬೆಳಕೊಂದು
ಹೂಂ, ಹೂಂ ಎಂದಿತು.